ಬರೆದದ್ದು ಉಳಿಯಿತು, ಕಲಿತದ್ದು?

ಸರ್ಕಾರಿ ಕಚೇರಿಗೆ ಒಮ್ಮೆಯಾದರೂ ಅಲೆದವರಿಗೆ ‘ಕಡತ’ ಎಂಬ ಪದ ಹೊಸದಲ್ಲ. ಕಡತ ಮೇಲಕ್ಕೆ ಹೋಗಿದೆ, ಕಡತ ಇನ್ನೂ ಕೆಳಗೆ ಬಂದಿಲ್ಲ, ಕಡತ ವಿಲೇವಾರಿಯಾಗಬೇಕು ಎಂಬ ಮಾತುಗಳನ್ನು ಕೇಳಿ ಕೇಳಿ, ಅದು ದಾರ ಕಟ್ಟಿದ ಕಾಗದಗಳ ಕಟ್ಟು ಎಂದೇ ಎಲ್ಲರೂ ತಿಳಿದಿದ್ದಾರೆ. ಇನ್ನೂರು ವರ್ಷಗಳ ಹಿಂದೆ ಬಳ್ಳಾರಿ ಸೀಮೆಯ ಶಾಲೆಯ ಹುಡುಗನೊಬ್ಬನನ್ನು ಕೇಳಿದ್ದರೆ ಬೇರೆಯೇ ಉತ್ತರ ಸಿಗುತ್ತಿತ್ತು. ಅವನ ಪಾಲಿಗೆ ಕಡತವೆಂದರೆ ಕರಿ ಬಳಿದ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯಬೇಕು, ತಿದ್ದಬೇಕು, ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿಬಿಡಬೇಕು.

ಅಳಿಸುವುದಕ್ಕೆಂದು ಬರೆಯುತ್ತಿದ್ದ ವಸ್ತುವಿನ ಹೆಸರು ಇಂದು ಜೋಪಾನವಾಗಿ ಇಟ್ಟುಕೊಳ್ಳುವ ವಸ್ತುವಿಗೆ ಮಾತ್ರ ಉಳಿದಿದೆ. ಈ ಮಾರ್ಪಾಡು ಬರಿಯ ಪದದ್ದಲ್ಲ. ನಮ್ಮ ವಿದ್ಯಾರ್ಥಿಗಳು ಓದುವ ಮತ್ತು ಟಿಪ್ಪಣಿ ಮಾಡಿಕೊಳ್ಳುವ ಕ್ರಮದಲ್ಲಿ ಆದ ಮಾರ್ಪಾಡೂ ಹೌದು. ಪರೀಕ್ಷೆ ಹತ್ತಿರವಾದಾಗ ಜೆರಾಕ್ಸ್ ಅಂಗಡಿಗಳ ಮುಂದೆ ನಿಲ್ಲುವ ಸಾಲು, ಮೊಬೈಲಿನಿಂದ ಮೊಬೈಲಿಗೆ ಹಾರುವ ನೋಟ್ಸಿನ ಪುಟಗಳು, ‘ನೋಟ್ಸ್ ಸಿಕ್ಕಿತು, ಇನ್ನು ಚಿಂತೆಯಿಲ್ಲ’ ಎಂಬ ನೆಮ್ಮದಿ — ಇವುಗಳ ಬೇರು ಹುಡುಕುತ್ತಾ ಹೋದರೆ ನಾವು ಮೊದಲು ತಲುಪುವುದು ಬಳ್ಳಾರಿಯ ಕಲೆಕ್ಟರೊಬ್ಬರ ವರದಿಗೆ.

ಕಲೆಕ್ಟರರು ಕಂಡ ಶಾಲೆ

1822ರಲ್ಲಿ ಮದರಾಸು ಪ್ರಾಂತದ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ತಮ್ಮ ಆಡಳಿತದಲ್ಲಿದ್ದ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದರು. ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳಿದ್ದಾರೆ, ಏನು ಓದುತ್ತಾರೆ ಎಂಬುದು ಪ್ರಶ್ನೆ. ಹೆಚ್ಚಿನ ಕಲೆಕ್ಟರುಗಳು ಅಂಕಿಗಳ ಕೋಷ್ಟಕ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟಿನಲ್ಲಿ ಸವಿಸ್ತಾರವಾದ ಉತ್ತರ ಬರೆದರು. ಅವರು ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಭಾಷಾಪ್ರಿಯ ಅಧಿಕಾರಿ. ಶಾಲೆಯೊಳಗೆ ದಿನವಿಡೀ ಏನು ನಡೆಯುತ್ತದೆ ಎಂಬುದನ್ನೂ ಅವರು ದಾಖಲಿಸಿದರು.

ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದು ಆಂಧ್ರಕ್ಕೆ ಸೇರಿರುವ ಅನಂತಪುರವೂ ಇತ್ತು. ಜನಸಂಖ್ಯೆ 9,27,857. ಶಾಲೆಗಳು 533. ಇವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ 1. ಬ್ರಾಹ್ಮಣರು ಮಾತ್ರ ಕಲಿಯುತ್ತಿದ್ದ ಸಂಸ್ಕೃತ ಪಾಠಶಾಲೆಗಳು 23. ಒಟ್ಟು ವಿದ್ಯಾರ್ಥಿಗಳು 6,641.

ಮಗುವಿಗೆ ಐದು ವರ್ಷ ತುಂಬಿದಾಗ ಗಣಪತಿಯ ಪೂಜೆ ಮಾಡಿ, ಅಕ್ಕಿಯ ಮೇಲೆ ಬೆರಳಿನಿಂದ ದೇವರ ಹೆಸರು ಬರೆಸುವ ಶಾಸ್ತ್ರವನ್ನು ಕ್ಯಾಂಪ್‌ಬೆಲ್ ವಿವರಿಸಿದ್ದಾರೆ. ಅಕ್ಷರಾಭ್ಯಾಸದ ಈ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿದೆ. ಶಾಲೆ ಶುರುವಾಗುತ್ತಿದ್ದುದು ಬೆಳಗಿನ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಅದು ಅವನಿಗೆ ಸಂದ ಗೌರವ. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಹಗುರವಾದ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಏರುತ್ತಾ ಹೋಗುತ್ತಿತ್ತು. ಹೊತ್ತಿಗೆ ಸರಿಯಾಗಿ ಓದಲು ಕೂರುವ ಅಭ್ಯಾಸವನ್ನು ಆ ಕಾಲದ ಶಾಲೆ ಬೆಳೆಸುತ್ತಿದ್ದ ಬಗೆ ಇದು.

ಮರಳು, ಹಲಗೆ, ಕಡತ

ಅಕ್ಷರ ಕಲಿಕೆಯ ಕ್ರಮ ಕ್ಯಾಂಪ್‌ಬೆಲ್ಲರಿಗೆ ವಿಶೇಷವಾಗಿ ಕಂಡಿತು. ಯುರೋಪಿನಲ್ಲಿ ಮಕ್ಕಳು ಅಕ್ಷರಗಳ ಹೆಸರನ್ನು ಬಾಯಲ್ಲಿ ಹೇಳಿ ಕಲಿಯುತ್ತಿದ್ದರೆ, ಇಲ್ಲಿ ಕೈಯಿಂದ ಕಲಿಯುತ್ತಿದ್ದರು. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಾಡಿಸಿ ತಿದ್ದಬೇಕು. ಕೈ ಪಳಗಿದ ಮೇಲೆ ಮುಂದಿನ ಮೆಟ್ಟಿಲು. ಕಂಟದಿಂದ ಓಲೆಯ ಮೇಲೆ ಅಥವಾ ಲೆಕ್ಕಣಿಕೆಯಿಂದ ಕಾಗದದ ಮೇಲೆ ಬರೆಯುವ ಅವಕಾಶವೂ ಇತ್ತು. ಆದರೆ ಈ ಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದವು ಎರಡೇ — ಹಲಗೆ ಮತ್ತು ಕಡತ.

ಹಲಗೆಯೆಂದರೆ ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ತುಂಡು. ಅದನ್ನು ನುಣುಪು ಮಾಡಿ ಅನ್ನ ಮತ್ತು ಇದ್ದಿಲ ಪುಡಿಯನ್ನು ಸವರಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿ ಹಾಕಿ ಗಡಸು ಮಾಡಿದ ಬಟ್ಟೆ. ಪುಸ್ತಕದ ಹಾಗೆ ಮಡಿಕೆ ಮಾಡಿ, ಇದ್ದಿಲು ಮತ್ತು ಅಂಟುಗಳ ಮಿಶ್ರಣವನ್ನು ಅದಕ್ಕೆ ಬಳಿಯುತ್ತಿದ್ದರು. ಎರಡರ ಮೇಲೂ ಬರೆಯುವುದು ಬಳಪದಿಂದ, ಒರೆಸುವುದು ಒದ್ದೆ ಬಟ್ಟೆಯಿಂದ. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡಿನಲ್ಲಿ ಕೆತ್ತಿದ್ದೂ ಬಳಪದ ಕಲ್ಲನ್ನೇ ಎಂಬುದನ್ನು ಇಲ್ಲಿ ನೆನೆಯಬಹುದು.

ಇದೇ ಕಡತ ಶಾಲೆಯ ಹೊರಗೆ ಬೇರೆ ಕೆಲಸ ಮಾಡುತ್ತಿತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತಮ್ಮ ಇತಿಹಾಸ ಗ್ರಂಥದಲ್ಲಿ 12ರಿಂದ 18 ಅಡಿ ಉದ್ದದ, ಎರಡು ತುದಿಗೂ ಬಣ್ಣದ ಮರದ ಪಟ್ಟಿ ಕೂರಿಸಿದ ಕಡತಗಳನ್ನು ವರ್ಣಿಸಿದ್ದಾರೆ. ವರ್ತಕರ ಲೆಕ್ಕ, ಸರ್ಕಾರದ ಲೆಕ್ಕ ಎಲ್ಲವೂ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಅಮೂಲ್ಯ ಆಕರ. ಒಂದೇ ವಸ್ತು ಅಂಗಡಿ, ಕಚೇರಿ, ಮಠಗಳಲ್ಲಿ ದಾಖಲೆಯಾಗಿತ್ತು. ಶಾಲೆಯಲ್ಲಿ ಅಭ್ಯಾಸದ ಸಾಧನವಾಗಿತ್ತು. ದಾಖಲೆಯನ್ನು ಕಾಪಾಡಬೇಕು, ಅಭ್ಯಾಸವನ್ನು ಅಳಿಸಿ ಮತ್ತೆ ಮಾಡಬೇಕು. ಈ ವ್ಯತ್ಯಾಸ ಅಂದಿನವರಿಗೆ ತಾನೇ ತಾನಾಗಿ ತಿಳಿದಿತ್ತು.

ಒರೆಸಿದ ಮೇಲೆ ಉಳಿಯಬೇಕಾದದ್ದು ತಲೆಯಲ್ಲಿ. ಮರುದಿನ ಐಗಳು ಕೇಳಿದರೆ ತಿರುಗಿಸಿ ನೋಡಲು ಪುಟವಿಲ್ಲ. ಹೀಗಾಗಿ ನಿನ್ನೆಯದನ್ನು ನೆನಪಿನಿಂದಲೇ ಎಬ್ಬಿಸಿ ಮತ್ತೆ ಬರೆಯಬೇಕಾಗಿತ್ತು. ಕೂಲಿಮಠಗಳಲ್ಲಿ ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದ ಮಗ್ಗಿಯ ಉದ್ದೇಶವೂ ಅದೇ.

ನೆನಪಿಗೂ ಒಂದು ಶಾಸ್ತ್ರ

ನೆನಪಿಡುವುದೆಂದರೆ ಹೇಳಿದ್ದನ್ನೇ ಹೇಳುವುದು ಎಂಬ ಭಾವನೆ ಇಂದು ಸಾಮಾನ್ಯವಾಗಿದೆ. ಬರಹವನ್ನು ನೆಚ್ಚದೆ ಪಾಠವನ್ನು ಸಾವಿರಾರು ವರ್ಷ ಉಳಿಸಿಕೊಂಡ ವೇದಾಧ್ಯಯನದ ಕ್ರಮ ನೋಡಿದರೆ ಅದು ಅಷ್ಟು ಸುಲಭವಲ್ಲ ಎಂಬುದು ತಿಳಿಯುತ್ತದೆ. ಮೊದಲು ಸಂಹಿತಾ ಪಾಠ, ನಂತರ ಪದಗಳನ್ನು ಬಿಡಿಸಿ ಹೇಳುವ ಪದಪಾಠ. ಕ್ರಮಪಾಠದಲ್ಲಿ ಒಂದು–ಎರಡು, ಎರಡು–ಮೂರು, ಮೂರು–ನಾಲ್ಕು ಎಂದು ಪದಗಳನ್ನು ಜೋಡಿ ಜೋಡಿಯಾಗಿ ಹೇಳಬೇಕು. ಜಟಾಪಾಠದಲ್ಲಿ ಒಂದು–ಎರಡು, ಎರಡು–ಒಂದು, ಒಂದು–ಎರಡು. ಘನಪಾಠದಲ್ಲಿ ಇದು ಮೂರು ಪದಗಳಿಗೆ ವಿಸ್ತರಿಸಿ ಹಿಂದೆ ಮುಂದೆ ಹೆಣೆದುಕೊಳ್ಳುತ್ತದೆ. ಒಂದು ಪದ ಜಾರಿದರೂ ಹೆಣಿಗೆ ತಪ್ಪುತ್ತದೆ. ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ವೇದ ಪಠಣದ ಈ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿ ಎಂದು ಘೋಷಿಸಿತು.

ಪದಗಳು ತಪ್ಪದಂತೆ ಕಾಯುವ ವ್ಯವಸ್ಥೆ ಇದು. ಅರ್ಥವನ್ನು ಕಾಯುವುದಕ್ಕೆ ಬೇರೆ ವ್ಯವಸ್ಥೆ ಬೇಕಾಗಿತ್ತು. ಭಾಷ್ಯ, ಟೀಕೆ, ವ್ಯಾಖ್ಯಾನ, ಟಿಪ್ಪಣಿಗಳು ಹುಟ್ಟಿಕೊಂಡದ್ದು ಅದಕ್ಕೆ. ಇಂದು ನಾವು ‘ನೋಟ್ಸ್’ ಎನ್ನುವುದಕ್ಕೆ ಕನ್ನಡದಲ್ಲಿ ಬಳಸುವ ಟಿಪ್ಪಣಿ ಎಂಬ ಪದ ಬಂದದ್ದು ಈ ಕುಟುಂಬದಿಂದ. ಅಂದರೆ ಟಿಪ್ಪಣಿಯ ಮೂಲ ಕೆಲಸ ಪಾಠವನ್ನು ನಕಲು ಮಾಡುವುದಲ್ಲ. ಕಷ್ಟದ ಪದವನ್ನು, ಅಡಗಿದ ಅರ್ಥವನ್ನು ಬಿಡಿಸಿ ಹೇಳುವುದು. ಪಾಠ ಬಾಯಲ್ಲಿ, ಅದರ ತಿಳಿವಳಿಕೆ ಟಿಪ್ಪಣಿಯಲ್ಲಿ.

ಗಿಳಿಪಾಠದ ದೂರು

ಇಷ್ಟು ಕೇಳಿ ಹಳೆಯದೆಲ್ಲ ಚಿನ್ನ ಎಂದುಕೊಳ್ಳುವಂತಿಲ್ಲ. ಕ್ಯಾಂಪ್‌ಬೆಲ್ ಎರಡು ಕಡೆಯನ್ನೂ ನೋಡಿದ್ದರು.

ಅವರು ಮೆಚ್ಚಿದ್ದು ಕಡಿಮೆ ಖರ್ಚಿನ ಬರವಣಿಗೆಯನ್ನು ಮತ್ತು ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವ ಕ್ರಮವನ್ನು. ಹೇಳಿಕೊಡುವವನ ತಿಳಿವಳಿಕೆಯೂ ಅದರಿಂದ ಗಟ್ಟಿಯಾಗುತ್ತದೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಅವರು ಬರೆದರು. ಈ ಮಾತಿನ ಹಿಂದೆ ಒಂದು ಕಥೆಯಿದೆ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನಲ್ಲಿ ತಿದ್ದುವುದನ್ನು ಕಂಡು ತಮ್ಮ ಶಾಲೆಯಲ್ಲೂ ಅದನ್ನು ತಂದರು. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದರು. ಊರಿಗೆ ಮರಳಿ 1797ರಲ್ಲಿ ಪುಸ್ತಕ ಬರೆದರು. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಬ್ರಿಟನ್ನಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು.

ಕ್ಯಾಂಪ್‌ಬೆಲ್ ಒಪ್ಪದೇ ಇದ್ದದ್ದು ಕಲಿಕೆಯ ತಿರುಳನ್ನು. ಮಕ್ಕಳು ರಾಮಾಯಣ, ಭಾರತ, ಭಾಗವತಗಳ ಪದ್ಯಗಳನ್ನು ರಾಶಿ ರಾಶಿ ಬಾಯಿಪಾಠ ಮಾಡುತ್ತಾರೆ, ಆದರೆ ಕಾವ್ಯದ ಭಾಷೆ ಬೇರೆ, ಆಡುಭಾಷೆ ಬೇರೆ, ಅರ್ಥ ಹೇಳುವವರಿಲ್ಲ, ಹೀಗಾಗಿ ಒಪ್ಪಿಸುವ ಹುಡುಗನಿಗೂ ಮಾತು ಕಲಿತ ಗಿಳಿಗೂ ವ್ಯತ್ಯಾಸವಿಲ್ಲ ಎಂಬುದು ಅವರ ದೂರು. ವರ್ಷಗಟ್ಟಲೆ ದುಡಿದರೂ ನೆನಪಿನ ಕಸರತ್ತು ಮತ್ತು ವ್ಯವಹಾರಕ್ಕೆ ಬೇಕಾದಷ್ಟು ಓದುಬರಹ ಬಿಟ್ಟರೆ ಬೇರೆ ಲಾಭವಿಲ್ಲ ಎಂದರು. ನಮ್ಮಲ್ಲಿಯೇ ‘ಗಿಳಿಪಾಠ’ ಎಂಬ ಮಾತಿರುವಾಗ ಈ ದೂರನ್ನು ಪರದೇಶಿಯ ಕೊಂಕು ಎಂದು ತಳ್ಳಿಹಾಕುವಂತಿಲ್ಲ.

ಇನ್ನೊಂದು ಕೊರತೆ ಅಂಕಿಗಳಲ್ಲೇ ಇದೆ. ಸಾವಿರ ಜನರಿಗೆ ಶಾಲೆಯಲ್ಲಿದ್ದವರು ಸುಮಾರು 7 ಮಂದಿ. ಒಟ್ಟು 6,641 ಮಕ್ಕಳಲ್ಲಿ ಹುಡುಗಿಯರು 60. ನಾಡು ಬಡವಾಗುತ್ತಾ ಹೋದಂತೆ ತಂದೆತಾಯಿಗಳು ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದಾರೆ ಎಂಬುದನ್ನೂ, ಆ ಬಡತನಕ್ಕೆ ಕಂಪೆನಿಯ ಆಡಳಿತದಲ್ಲಿ ಆದ ಬದಲಾವಣೆಗಳೂ ಕಾರಣ ಎಂಬುದನ್ನೂ ಕ್ಯಾಂಪ್‌ಬೆಲ್ ಮುಚ್ಚಿಡಲಿಲ್ಲ. ಗಾಂಧಿವಾದಿ ಚಿಂತಕ ಧರಂಪಾಲ್ 1983ರಲ್ಲಿ ಈ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಇವುಗಳ ಬಗ್ಗೆ ಚರ್ಚೆ ಜೋರಾಯಿತು.

ಪರೀಕ್ಷೆ ಬಂತು, ನೋಟ್ಸು ಬಂತು

ಮುಂದಿನ ಐವತ್ತು ವರ್ಷಗಳಲ್ಲಿ ಚಿತ್ರ ಬದಲಾಯಿತು. 1835ರಲ್ಲಿ ಉನ್ನತ ಶಿಕ್ಷಣಕ್ಕೆ ಇಂಗ್ಲಿಷ್ ಎಂಬ ತೀರ್ಮಾನವಾಯಿತು. 1844ರಲ್ಲಿ ಇಂಗ್ಲಿಷ್ ಓದಿದವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಎಂದು ಗವರ್ನರ್ ಜನರಲ್ ಹಾರ್ಡಿಂಜ್ ಸಾರಿದರು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಈ ವಿಶ್ವವಿದ್ಯಾನಿಲಯಗಳು ಆರಂಭದಲ್ಲಿ ಪಾಠ ಹೇಳುತ್ತಿರಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವುದೇ ಅವುಗಳ ಕೆಲಸ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳ ವಿದ್ಯಾರ್ಥಿಗಳು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೂ ಮದರಾಸಿನ ಪರೀಕ್ಷೆಗಳಿಗೇ ಕೂರಬೇಕಾಗಿತ್ತು.

ದೂರದಲ್ಲೆಲ್ಲೋ ಕುಳಿತವರು ಪ್ರಶ್ನೆ ಕೇಳುತ್ತಾರೆ; ಉತ್ತರ ಬರೆಯಬೇಕಾದದ್ದು ಮನೆಯಲ್ಲಿ, ಬೀದಿಯಲ್ಲಿ ಆಡದ ಭಾಷೆಯಲ್ಲಿ; ಪಾಸಾದರೆ ನೌಕರಿ. ಈ ಮೂರೂ ಸೇರಿದ ಕಡೆ ಉಪನ್ಯಾಸಕರು ನಿಧಾನವಾಗಿ ಓದಿ ಹೇಳುವುದು, ವಿದ್ಯಾರ್ಥಿಗಳು ಅಕ್ಷರಶಃ ಬರೆದುಕೊಳ್ಳುವುದು, ಅದನ್ನೇ ಉರು ಹೊಡೆದು ಉತ್ತರ ಪತ್ರಿಕೆಗೆ ಇಳಿಸುವುದು ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಕಾವ್ಯದ ಭಾಷೆ ಅರ್ಥವಾಗದೆ ಪದ್ಯ ಒಪ್ಪಿಸಿದ ಬಳ್ಳಾರಿಯ ಹುಡುಗನ ಜಾಗದಲ್ಲಿ ಈಗ ಇಂಗ್ಲಿಷ್ ವಾಕ್ಯ ಒಪ್ಪಿಸುವ ಹುಡುಗ ಕುಳಿತಿದ್ದ. 1902ರ ಭಾರತೀಯ ವಿಶ್ವವಿದ್ಯಾನಿಲಯಗಳ ಆಯೋಗ ಇದನ್ನು ಗುರುತಿಸಿತು. ಪಾಠವು ಪರೀಕ್ಷೆಯ ಅಡಿಯಾಳಾಗಿರುವುದೇ ಇಲ್ಲಿನ ಶಿಕ್ಷಣದ ಅತಿ ದೊಡ್ಡ ಕೇಡು ಎಂಬುದು ಆಯೋಗದ ಅಭಿಪ್ರಾಯ.

ಕಾಗದ ಅಗ್ಗವಾದಂತೆ ಅಳಿಸುವ ಅಗತ್ಯ ತಪ್ಪಿತು. ಬರೆದದ್ದು ಉಳಿಯತೊಡಗಿತು. ಉಳಿಯುತ್ತದೆ ಎಂಬ ಧೈರ್ಯದಿಂದ ತಲೆಗೆ ಕೆಲಸ ಕಡಿಮೆಯಾಯಿತು. ಹಳೆಯ ಶಾಲೆಯಲ್ಲಿ ಅರ್ಥವಿರದಿದ್ದರೂ ನೆನಪಾದರೂ ಇರುತ್ತಿತ್ತು. ಹೊಸ ಕ್ರಮದಲ್ಲಿ ಪರೀಕ್ಷೆಯ ಮರುದಿನ ಎರಡೂ ಇಲ್ಲ. ಪುಸ್ತಕದ ಬದನೆಕಾಯಿ ಅಡುಗೆಗೆ ಬಾರದು ಎಂದು ನಗುವ ನಾವು ನೋಟ್ ಪುಸ್ತಕದ ಬದನೆಕಾಯಿಯನ್ನು ಬೆಳೆಸಿದೆವು.

ಕುಂಭಕೋಣದ ಸ್ಲೇಟು

ಇದೇ ಮದರಾಸು ಪ್ರಾಂತದ ಇದೇ ಪರೀಕ್ಷಾ ಪದ್ಧತಿಯಲ್ಲಿ ಸೋತ ಒಬ್ಬ ವಿದ್ಯಾರ್ಥಿಯ ಓದಿನ ಕ್ರಮ ಇಲ್ಲಿ ನೆನಪಿಗೆ ಬರುತ್ತದೆ. ಕುಂಭಕೋಣದ ಶ್ರೀನಿವಾಸ ರಾಮಾನುಜನ್ 1903ರ ಸುಮಾರಿಗೆ, ಹದಿನಾರರ ಆಸುಪಾಸಿನಲ್ಲಿ, ಜಿ.ಎಸ್. ಕಾರ್ ಎಂಬವರ ಗಣಿತ ಪುಸ್ತಕವೊಂದನ್ನು ಕಂಡರು. ಅದೇನೂ ಮಹಾಗ್ರಂಥವಲ್ಲ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ ಖಾಸಗಿ ಬೋಧಕ ಬರೆದ ಸೂತ್ರಗಳ ಪಟ್ಟಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಗೈಡು. ಹೆಚ್ಚಿನ ಕಡೆ ಸಾಧನೆಯ ವಿವರವಿಲ್ಲ, ಫಲಿತಾಂಶ ಮಾತ್ರ.

ರಾಮಾನುಜನ್ ಅದನ್ನು ಉರು ಹೊಡೆಯಲಿಲ್ಲ. ಒಂದೊಂದು ಸೂತ್ರವನ್ನೂ ತಾವೇ ಸಾಧಿಸಲು ಕೂತರು. ಕಾಗದ ದುಬಾರಿ, ಹೀಗಾಗಿ ಲೆಕ್ಕವೆಲ್ಲ ಸ್ಲೇಟಿನ ಮೇಲೆ. ಬರೆದು, ಮೊಣಕೈಯಿಂದ ಒರೆಸಿ, ಮತ್ತೆ ಬರೆಯುತ್ತಿದ್ದರು ಎಂದು ಅವರನ್ನು ಕಂಡವರು ಹೇಳಿದ್ದಾರೆ. ಕೊನೆಯಲ್ಲಿ ಸಿಕ್ಕ ಫಲಿತಾಂಶ ಮಾತ್ರ ನೋಟ್ ಪುಸ್ತಕಕ್ಕೆ ಹೋಗುತ್ತಿತ್ತು. ಗಣಿತ ಬಿಟ್ಟು ಉಳಿದ ವಿಷಯಗಳನ್ನು ಕಡೆಗಣಿಸಿದ್ದರಿಂದ ಕಾಲೇಜಿನ ಎಫ್.ಎ. ಪರೀಕ್ಷೆಯಲ್ಲಿ ಅವರು ಪಾಸಾಗಲಿಲ್ಲ. ಆದರೆ ಅವರ ನೋಟ್ ಪುಸ್ತಕಗಳನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1957ರಲ್ಲಿ ಯಥಾವತ್ತಾಗಿ ಅಚ್ಚು ಹಾಕಿತು. ಅಮೆರಿಕದ ಗಣಿತಜ್ಞ ಬ್ರೂಸ್ ಬರ್ಂಟ್ ಅದರಲ್ಲಿದ್ದ ಫಲಿತಾಂಶಗಳಿಗೆ ಸಾಧನೆ ಒದಗಿಸಿ ಪ್ರಕಟಿಸಿದ ಐದು ಸಂಪುಟಗಳು ಹೊರಬರಲು 1985ರಿಂದ 1998ರವರೆಗೆ ಕಾಲ ಹಿಡಿಯಿತು.

ಎಲ್ಲರೂ ರಾಮಾನುಜನ್ ಆಗುವುದಿಲ್ಲ. ಆದರೆ ಅವರ ಕ್ರಮ ಎಲ್ಲರಿಗೂ ತಿಳಿಯುವಂಥದು. ಸ್ಲೇಟು ದುಡಿಯುವುದಕ್ಕೆ, ಪುಸ್ತಕ ದುಡಿದದ್ದನ್ನು ಇಡುವುದಕ್ಕೆ. ಗೈಡು ಕೈಗೆ ಸಿಕ್ಕಿದ್ದು ಕೇಡಲ್ಲ. ಸ್ಲೇಟು ಕೈಬಿಟ್ಟದ್ದು ಕೇಡು.

ಪ್ರಯೋಗಾಲಯ ಹೇಳಿದ್ದು

ಮನಶ್ಶಾಸ್ತ್ರಜ್ಞರು ಈ ವಿಷಯಕ್ಕೆ ಬಂದದ್ದು ತಡವಾಗಿ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಮರೆವು ಅತಿ ವೇಗವಾಗಿರುತ್ತದೆ, ಒಂದೇ ಸಲ ಕೂತು ತಿಕ್ಕುವುದಕ್ಕಿಂತ ದಿನ ಬಿಟ್ಟು ದಿನ ಮೆಲುಕು ಹಾಕುವುದು ಮೇಲು ಎಂದು ಅವರು ಕಂಡರು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಪುಟ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ಪುಟ ಮುಚ್ಚಿ ಬರೆದವರು ಮುಂದಿದ್ದರು. ಹಿಂದಿನ ರಾತ್ರಿ ತಿರುವಿ ಹಾಕಿದ ನೋಟ್ಸು ಮರುದಿನದ ಪರೀಕ್ಷೆ ದಾಟಿಸಿ ಮುಂದಿನ ತರಗತಿಯಲ್ಲಿ ಕೈಕೊಡುವುದು ಏಕೆಂಬುದಕ್ಕೆ ಇಲ್ಲಿ ವಿವರಣೆಯಿದೆ.

ಟಿಪ್ಪಣಿ ಮಾಡಿಕೊಳ್ಳುವ ಕ್ರಮಕ್ಕೂ ಒಂದು ಉಪಾಯ ಬಳಕೆಗೆ ಬಂದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಪಾಕ್ 1962ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಪ್ರಸಿದ್ಧವಾಯಿತು. ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಬೇಕು. ಬಲಗಡೆಯ ದೊಡ್ಡ ಭಾಗದಲ್ಲಿ ಪಾಠದ ಸಾರ. ಎಡಗಡೆಯ ಕಿರಿದಾದ ಭಾಗದಲ್ಲಿ, ಪಾಠ ಮುಗಿದ ಮೇಲೆ, ಅದರಿಂದ ಹುಟ್ಟುವ ಪ್ರಶ್ನೆ ಅಥವಾ ಸುಳಿವಿನ ಪದಗಳು. ಕೆಳಗೆ ಎರಡು ಮೂರು ಸಾಲಿನಲ್ಲಿ ಸ್ವಂತ ಮಾತಿನ ಸಾರಾಂಶ. ಆಮೇಲೆ ಬಲಗಡೆಯನ್ನು ಮುಚ್ಚಿ, ಎಡಗಡೆಯ ಸುಳಿವನ್ನಷ್ಟೇ ನೋಡಿ ಪಾಠವನ್ನು ಬಾಯಲ್ಲಿ ಹೇಳಬೇಕು. ಎಡಗಡೆಯ ಪದಗಳನ್ನು ಶಿಕ್ಷಕರಾಗಲಿ ಗೆಳೆಯನಾಗಲಿ ಬರೆದುಕೊಟ್ಟರೆ ಪ್ರಯೋಜನವಿಲ್ಲ. ಯಾವುದು ಮುಖ್ಯ, ಯಾವುದನ್ನು ಬಿಡಬೇಕು ಎಂದು ಆರಿಸುವ ಕೆಲಸವೇ ಅಲ್ಲಿನ ಕಲಿಕೆ.

ಇದರಲ್ಲಿ ಬಳ್ಳಾರಿಯ ಐಗಳಿಗೆ ಹೊಸದೆನಿಸುವಂಥದು ಬಹಳವಿಲ್ಲ. ಪುಟ ಮುಚ್ಚುವುದೆಂದರೆ ಕಡತ ಒರೆಸುವುದು. ಸುಳಿವು ಹಿಡಿದು ಹೇಳುವುದೆಂದರೆ ಪಾಠ ಒಪ್ಪಿಸುವುದು. ಓದಿದ್ದನ್ನು ಗೆಳೆಯನಿಗೆ ವಿವರಿಸುವುದೆಂದರೆ ದೊಡ್ಡ ಹುಡುಗ ಚಿಕ್ಕವನಿಗೆ ತಿದ್ದಿಸುವುದು. ಅವರ ಶಾಲೆಯಲ್ಲಿ ಇಲ್ಲದೇ ಇದ್ದದ್ದು ಕೆಳಗಿನ ಆ ಎರಡು ಮೂರು ಸಾಲು, ಸ್ವಂತ ಮಾತಿನಲ್ಲಿ ಬರೆದ ಅರ್ಥ.

ಅಂದು 6,641 ಮಕ್ಕಳಲ್ಲಿ ಹುಡುಗಿಯರು 60 ಮಾತ್ರ ಇದ್ದರು. ಇಂದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ‘ಹುಡುಗಿಯರೇ ಮುಂದೆ’ ಎಂಬುದು ಪತ್ರಿಕೆಗಳ ಕಾಯಂ ತಲೆಬರಹ. ಯಾರು ಓದಬೇಕು ಎಂಬ ಪ್ರಶ್ನೆಯಲ್ಲಿ ನಾಡು ಬಹುದೂರ ಬಂದಿದೆ. ಹೇಗೆ ಓದಬೇಕು ಎಂಬ ಪ್ರಶ್ನೆಯಲ್ಲಿ 1823ರ ಗಿಳಿಯ ದೂರು ಇನ್ನೂ ವಿಲೇವಾರಿಯಾಗದೆ ಉಳಿದಿದೆ. ಅದಕ್ಕೆ ಉತ್ತರ ಬರೆಯಬೇಕಾದವರು ಆಯೋಗಗಳಷ್ಟೇ ಅಲ್ಲ. ಈ ಸಂಜೆ ಪುಸ್ತಕ ಮುಚ್ಚಿ, ಖಾಲಿ ಹಾಳೆ ಎದುರಿಗಿಟ್ಟುಕೊಂಡು, ‘ನನಗೆ ತಿಳಿದದ್ದೇನು?’ ಎಂದು ಕೇಳಿಕೊಳ್ಳುವ ವಿದ್ಯಾರ್ಥಿಯೂ ಹೌದು.